ನರಿ ಮುಖ ತೋರಿಸಿದ ಅತ್ತೆ

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ಮುತ್ತುಗದ ಎಲೆ ಚಿವುಟಿ ಚಿವುಟಿ ಹತ್ತಿದ ಬಣ್ಣ, ಸೀಗೆಪುಡಿ ಹಾಕಿ ತಿಕ್ಕಿದರೂ ಬಿಡುತ್ತಿರಲಿಲ್ಲ. ಊರ್ಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಊಟದೆಲೆ ಹಚ್ಚುವುದು ಅವರ ಕೆಲಸ, ಎಂಜಲು-ಮುಸುರೆಯ ಪಾರುಪತ್ಯವೂ ಅವರದೇ. ಸ್ವಂತ ಮಗ ಕುಡಿದಿಟ್ಟ ಲೋಟವನ್ನೂ ತೊಳೆಯದೆ ಮುಟ್ಟಿದವರಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಚೊಂಬಿಗೆ ಬಾಯಿಟ್ಟು ನೀರು ಕುಡಿದಾಗ, "ನಿಮ್ಮ ಕುಣಿಗಲ್ ಕಡೆ ಹೆಂಗೋ ಕಾಣೆ. ಇಲ್ಲಿ ಎತ್ತಿ ಕುಡೀಬೇಕು ಕಣವ್ವ, ಕಚ್ಚಿ ಕುಡೀಬಾರ್ದು" ಎಂದಿದ್ದರು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಬೆಳಿಗ್ಗೆ ನಾವಿಬ್ಬರೂ ಎಲೆಗೆಂದು ಕಾಡಿಗೆ ಹೋಗಿದ್ದೆವು. ಲಂಟಾನ ಪೊದೆಯ ಪಕ್ಕ ನರಿಯೊಂದು ನಿಂತಿತ್ತು. ನಾನು ಹಿಂದೆ ಸರಿದರೆ ಅತ್ತೆ ಭುಜ ಹಿಡಿದು ಮುಂದಕ್ಕೆ ನಿಲ್ಲಿಸಿದರು.

"ನರಿ ಮುಖ ಕಾಣೋಕೆ ಅದೃಷ್ಟ ಬೇಕು ಕಣೇ. ಚೆನ್ನಾಗಿ ನೋಡ್ಕೋ. ಬರೋ ವರ್ಷ ಮನೇಲಿ ತೊಟ್ಟಿಲು ಕಟ್ಟಾನ."

ನೋಡಿದೆ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನಮ್ಮನ್ನು ಕಂಡು ಓಡಬೇಕಾದ ಪ್ರಾಣಿ ತಲೆ ತಗ್ಗಿಸಿಕೊಂಡು ನಮ್ಮ ಕಡೆಗೇ ನಡೆದು ಬಂತು. ಅತ್ತೆಯ ಕೈ ಇನ್ನೂ ನನ್ನ ಭುಜದ ಮೇಲೇ ಇತ್ತು. ಸೀದಾ ಬಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಅತ್ತೆ ಕೊಂಬೆ ಬಗ್ಗಿಸಲು ತಂದಿದ್ದ ದೋಟಿಯಿಂದ ಬಡಿದು ಬಡಿದು ಬಿಡಿಸಿದರು.

ತುಮಕೂರಿನ ಆಸ್ಪತ್ರೆಯಲ್ಲಿ ದಿನಾ ಹೊಕ್ಕುಳ ಸುತ್ತ ಇಂಜೆಕ್ಷನ್. ಅದಕ್ಕಿಂತ ಹೆಚ್ಚು ಹೆದರಿಸಿದ್ದು ಊರವರ ಮಾತು. ಹುಚ್ಚುನರಿ ಕಚ್ಚಿದವರು ಒಂದಲ್ಲ ಒಂದು ದಿನ ನೀರು ಕಂಡರೆ ನಡುಗುತ್ತಾರಂತೆ, ಗಂಟಲು ಕಟ್ಟಿ ಊಳಿಡುತ್ತಾರಂತೆ. ಇಂಜೆಕ್ಷನ್ ಮುಗಿದರೂ ಆ ಭಯ ಮುಗಿಯಲಿಲ್ಲ. ಓರಗಿತ್ತಿ ನನ್ನ ತಟ್ಟೆ ಲೋಟ ಬೇರೆ ಮಾಡಿದಳು, ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಅವಳನ್ನು ಬೈದು ಏನು, ನನಗೇ ನನ್ನನ್ನು ಕಂಡರೆ ಭಯ. ಬಾಯಿ ಒಣಗುತ್ತಿದ್ದರೂ ಲೋಟ ಎತ್ತಲು ಧೈರ್ಯವಿಲ್ಲ. ಎಲ್ಲಿ ಗಂಟಲು ಹಿಡಿದುಬಿಟ್ಟರೆ?

ಒಂದು ಬೆಳಿಗ್ಗೆ ಅತ್ತೆ ತಮ್ಮ ಹಿತ್ತಾಳೆ ಚೊಂಬು ತಂದು ಎದುರಿಗೆ ಕೂತರು. "ಕುಡಿ" ಎಂದರು. ಎತ್ತಿ ಹಿಡಿದೆ, ಬಾಯಿಗೆ ಬಗ್ಗಿಸಲಾಗದೆ ಕೆಳಗಿಟ್ಟೆ.

"ಕಚ್ಚೇ ಕುಡಿಯವ್ವ."

ಒಂದು ಗುಟುಕು ಇಳಿಯಿತು. ಇನ್ನೊಂದೂ ಇಳಿಯಿತು. ಅತ್ತೆ ಚೊಂಬು ಕಿತ್ತುಕೊಂಡು, ನನ್ನ ತುಟಿ ತಗುಲಿದ ಕಡೆಯೇ ಬಾಯಿಟ್ಟು ಮಿಕ್ಕಿದ್ದನ್ನು ಕುಡಿದರು. ಬೇಡ ಬೇಡ ಎಂದು ನಾನು ಅಳತೊಡಗಿದೆ.

"ನಿಂತು ನೋಡು ಅಂದವಳು ನಾನು. ನಿಂಗೆ ಬಂದ್ರೆ ನಂಗೂ ಬರ್ಲಿ ಬುಡು" ಎಂದರು.

ಅಂದಿನಿಂದ ದಿನಾ ಬೆಳಿಗ್ಗೆ ಹಾಗೆಯೇ. ಅವರಿಗೇನು ಭಯವಿರಲಿಲ್ಲವೇ? ನಾನು ನುಂಗುವಾಗ ನನ್ನ ಗಂಟಲನ್ನೇ ನೋಡುತ್ತಿದ್ದರು, ನೀರು ಇಳಿದ ಮೇಲಷ್ಟೇ ಉಸಿರು ಬಿಡುತ್ತಿದ್ದರು. ಮಗಳು ಹುಟ್ಟಿದಾಗ "ನರಿ ಸುಳ್ಳು ಹೇಳ್ಲಿಲ್ಲ ನೋಡು" ಎಂದು ನಕ್ಕರು. ಚೊಂಬು ಮಾತ್ರ ಆಮೇಲೂ ನಿಲ್ಲಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಕೊನೆಗೆ ಬಾಯಿಗೆ ನೀರು ಬಿಡಲು ಮನೆಯವರು ನನ್ನನ್ನೇ ಕರೆದರು. ಅದೇ ಚೊಂಬನ್ನು ಅವರ ತುಟಿಗೆ ಹಿಡಿದು ಗಂಟಲನ್ನೇ ನೋಡುತ್ತ ಕೂತೆ. ಒಂದು ಗುಟುಕು ಇಳಿಯಿತು. ಇನ್ನೊಂದು ಇಳಿಯಲಿಲ್ಲ.

ಮಿಕ್ಕಿದ್ದನ್ನು ನಾನು ಅಲ್ಲೇ ಕೂತು, ಚೊಂಬಿಗೆ ಬಾಯಿಟ್ಟು ಕುಡಿದೆ.