ಮಾತು ಕಲಿತ ಬಿಂದಿಗೆ

ನಮ್ಮ ಬೀದಿಯ ಮದುವೆಗಳಲ್ಲಿ ಊಟ ಮುಗಿದ ಮೇಲೆ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಚಪ್ಪರದಲ್ಲಿ ಎದುರುಬದುರು ಕೂತು ಪದ ಕಟ್ಟಿ ಹಂಗಿಸುತ್ತಿದ್ದರು. ಹಾಡುವವರು ಹೆಂಗಸರೇ. ಉತ್ತರ ಹೊಳೆಯದೆ ನಿಂತವರು ಸೋತಂತೆ. ಸೋತವರು ಗೆದ್ದವರಿಗೆ ಕೈಯಾರೆ ಎಲೆ ಅಡಿಕೆ ಮಡಿಸಿ ಕೊಡಬೇಕು.

ಮದ್ದೂರಿನ ನಮ್ಮ ಮೇಳಕ್ಕೆ ದೊಡ್ಡಮ್ಮನೇ ಯಜಮಾನಿ. ಎಪ್ಪತ್ತರ ದಶಕದ ನಡುವೆ, ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದ ವರ್ಷ, ಅವಳು ಮಳವಳ್ಳಿಯವರಿಗೆ ಆಗಲೇ ಎರಡು ಸಲ ಎಲೆ ಮಡಿಸಿ ಕೊಟ್ಟಿದ್ದಳು. ಮೂರನೆಯ ಮದುವೆಯ ಗಂಡೂ ಮಳವಳ್ಳಿಯವನೇ.

"ಈ ಸಲಾನೂ ಎಲೆ ಮಡ್ಸುದ್ರೆ ನಾ ಇನ್ ಪದ ಏಳಕಿಲ್ಲ ಕಣವ್ವ. ಬಾಯ್ಗೆ ಬೀಗ ಆಕ್ಕಂಡು ಕೂತ್ಕತೀನಿ," ಎಂದಳು. ತಮಾಷೆಗೆ ಹೇಳಿದ್ದಲ್ಲ.

ಅದಕ್ಕೇ ಮೇಳಕ್ಕೆ ಇಬ್ಬರನ್ನು ಹೊಸದಾಗಿ ಸೇರಿಸಿಕೊಂಡಳು. ಒಬ್ಬಳು ಎದುರುಮನೆಯ ಹೊಸ ಸೊಸೆ. ಅವಳ ತವರು ಮಳವಳ್ಳಿ. ಅಲ್ಲಿಯ ಮೇಳ ನಡೆಸುತ್ತಿದ್ದುದು ಅವಳ ಹೆತ್ತವ್ವನೇ. ಇನ್ನೊಬ್ಬಳು ನಾನು. ಓದಿದವಳಿಗೆ ಪದ ಕಟ್ಟಲು ಬಂದೇ ಬರುತ್ತದೆಂದು ದೊಡ್ಡಮ್ಮನ ನಂಬಿಕೆ.

ನಾನು ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಸಾಲು ಬರೆದು ತಂದೆ. ಮೆಲ್ಲಗೆ ಓದಿದೆ. ದೊಡ್ಡಮ್ಮ ಕಣ್ಣು ಮುಚ್ಚಿ ಕೇಳಿ, "ಇದ್ಯಾವ ಪದವ್ವ? ಪರೀಕ್ಸೆ ಬರ್ದಂಗದೆ," ಎಂದಳು. ನೋಟ್‌ಬುಕ್ ಮುಚ್ಚಿಟ್ಟೆ.

ಸೊಸೆ ಹಿತ್ತಾಳೆ ಬಿಂದಿಗೆ ಮಡಿಲಲ್ಲಿಟ್ಟುಕೊಂಡಳು. ಬಿಂದಿಗೆಯ ಹೊಟ್ಟೆಗೆ ಉಂಗುರ, ಬಾಯಿಗೆ ಅಂಗೈ. ಟಿಣ್ ಟಿಣ್ ಗುಮ್.

"ಬಿಂದ್ಗೆ ಇರಾದು ನೀರ್ಗೆ ಕಣಮ್ಮಿ!"

"ನಿಮ್ ಪದ ಎಳ್ದು ಎಳ್ದು ಆಡೋದ್ರೊಳ್ಗೆ ನಮ್ಮೂರೋರು ಎಲ್ಡು ಪದ ಕಟ್ಟಿರ್ತರೆ, ದೊಡ್ಡವ್ವ."

ದೊಡ್ಡಮ್ಮ ಮುಖ ಊದಿಸಿಕೊಂಡಳು. ಅಭ್ಯಾಸದ ಮೂರನೆಯ ದಿನ ಅವಳ ಕೈ ತೊಡೆಯ ಮೇಲೆ ತಾನಾಗಿಯೇ ತಾಳ ಹಾಕುತ್ತಿತ್ತು. ಸಾಲುಗಳು ಮೊಟಕಾದವು, ಒಂದೊಂದು ಸಾಲು ಮುಗಿದಾಗಲೂ ಬಿಂದಿಗೆ ಗುಮ್ಮೆಂದು ಜಾಗ ಬಿಡುತ್ತಿತ್ತು. ನಾಲ್ಕು ಜನ ಚಪ್ಪಾಳೆ ತಟ್ಟಿ ಎಳೆಯುತ್ತಿದ್ದ ಪದ ಈಗ ಎದ್ದು ಓಡುವಂತಿತ್ತು. ನಾನು ಸುಮ್ಮನೆ ಕೂತು ಆ ಗುಮ್ಮಿನ ನಡುವೆ ಎಷ್ಟು ಮಾತು ಹಿಡಿಸುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಬಿಡುವಿನಲ್ಲಿ ಸೊಸೆ ನನ್ನ ಕಿವಿಯಲ್ಲಿ ಹೇಳಿದಳು: "ನಮ್ಮವ್ವ ಪದದಲ್ಲಿ ಹುಲಿ, ಅಕ್ಕ. ಮುದ್ದೆ ಮಾತ್ರ ಬರೀ ಗಂಟು. ಯಾರ್ಗೂ ಏಳ್ಬ್ಯಾಡಿ."

ಮದುವೆಯ ದಿನ ಸೊಸೆಯ ಅವ್ವ ಕಂಬಕ್ಕೊರಗಿ ಕೂತು ಒಂದಾದ ಮೇಲೊಂದು ಪದ ಎಸೆದಳು. ಬಿಂದಿಗೆಯ ಬಲದಿಂದ ನಮ್ಮವರೂ ಸೋಲಲಿಲ್ಲ. ಕೊನೆಗೆ ಅವಳು ಮಗಳ ಕಡೆಗೇ ತಿರುಗಿದಳು.

"ಆಲ ಕುಡ್ಸಿ ಸಾಕಿದ್ದೆ, ಆಡ ಕಲ್ಸಿ ಕಳ್ಸಿದ್ದೆ
ಬಿಂದ್ಗೆ ಬಡಿತಾ ಕೂತವ್ಳೆ, ಬೀಗಿತ್ತಿ
ನೀರ ತರೋದ ಮರ್ತವ್ಳೆ!"

ಮಳವಳ್ಳಿಯವರು ಕೇಕೆ ಹಾಕಿದರು. ಬಿಂದಿಗೆ ನಿಂತಿತು. ದೊಡ್ಡಮ್ಮನ ಬಾಯಿ ತೆರೆದೇ ಇತ್ತು, ಪದ ಬರಲಿಲ್ಲ. ನನಗೆ ಹೊಳೆದದ್ದನ್ನು ಸೊಸೆಯ ಕಿವಿಯಲ್ಲಿ ಹೇಳಿದೆ. ಅವಳು ಬೆಚ್ಚಿ ನೋಡಿದಳು.

"ಬ್ಯಾಡ ಅಕ್ಕ, ಅವ್ವ ಬೇಜಾರ್ ಮಾಡ್ಕತಳೆ."

ಅಷ್ಟರಲ್ಲಿ ದೊಡ್ಡಮ್ಮ ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು ಸೆರಗಿಗೆ ಒರೆಸತೊಡಗಿದ್ದಳು. ಸೊಸೆ ಅದನ್ನು ನೋಡಿದಳು. ಟಿಣ್ ಟಿಣ್ ಗುಮ್.

"ನೀರ ತರೋದ ಮರ್ತಿಲ್ಲ, ನಿನ್ ಮಗಳು ಕೆಟ್ಟಿಲ್ಲ
ನಿನ್ ಮುದ್ದೆ ಗಂಟು ಇಳಿಯಾಕೆ, ನನ್ನವ್ವ
ಬಿಂದ್ಗೆ ನೀರೂ ಸಾಲಾಕಿಲ್ಲ!"

ಚಪ್ಪರ ಬಿದ್ದುಹೋಗುವಂತೆ ಜನ ನಕ್ಕರು. ಅವ್ವ ಮಾತ್ರ ನಗಲಿಲ್ಲ. ಆಮೇಲೆ ಅವಳ ಭುಜ ಕುಲುಕಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಥೂ ನಿನ್ನ! ಮನೆ ಗುಟ್ಟ ಬೀದಿಗ್ ತಂದ್ಯಲ್ಲೇ!"

ಎದ್ದು ಬಂದು ದೊಡ್ಡಮ್ಮನ ಕೈಯಲ್ಲಿದ್ದ ಎಲೆಯನ್ನೇ ಕಿತ್ತುಕೊಂಡು, ಮಡಿಸಿ, ದೊಡ್ಡಮ್ಮನ ಬಾಯಿಗಿಟ್ಟಳು. ಎರಡನೆಯದು ಮಗಳಿಗೆ. "ಇದು ನೀ ಕಟ್ಟಿದ್ದಲ್ಲ ಬುಡು, ನಿನ್ ಪದ ನಂಗೊತ್ತಿಲ್ವಾ? ಯಾರ್ದು?"

ಸೊಸೆ ಬಿಂದಿಗೆಯನ್ನು ನನ್ನ ಕಡೆಗೆ ಒಂದು ಗೇಣು ತಳ್ಳಿದಳು. ಅವ್ವ ಮೂರನೆಯ ಎಲೆ ಮಡಿಸಿದಳು.

ನಾನು ಅದುವರೆಗೆ ಎಲೆ ಅಡಿಕೆ ಹಾಕಿದವಳಲ್ಲ. ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ತುಟಿ ಕೆಂಪಗಿತ್ತು. ಸಂಜೆಯವರೆಗೂ ಬಾಯಿ ತೊಳೆಯಲಿಲ್ಲ.