ಹತ್ತನೇ ಐತಮಾನ್

ಐತಮಾನ್ ತಾಮಾಂಗನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಇದು ದ್ವೇಷದಿಂದ ಹೇಳುತ್ತಿರುವುದಲ್ಲ. ಮೂವತ್ತೊಂದು ವರ್ಷ ನಮ್ಮ ಬೆಟ್ಟದೂರು ಸಿಮ್ಲೆಯ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳಿಗೆ ಚಾಡಿಕೋರರು ಹೊಸಬರಲ್ಲ. ಆದರೆ ಚಾಡಿಕೋರ ಹುಡುಗನಿಗೆ ಏನೋ ಒಂದು ಲಾಭದ ಲೆಕ್ಕಾಚಾರ ಇರುತ್ತದೆ. ಐತಮಾನನಿಗೆ ಅದೂ ಇಲ್ಲ. ಮಾತು ಕಿವಿಗೆ ಬಿತ್ತು, ಬಾಯಿಂದ ಹೊರಗೆ ಹೋಯಿತು, ಅಷ್ಟೆ. ನಡುವೆ ಅದು ತಂಗಲು ಒಂದು ಜಗಲಿಯನ್ನೂ ದೇವರು ಅವನಿಗೆ ಕಟ್ಟಿಕೊಡಲಿಲ್ಲ.

ಇಂಥವನ ಕೈಗೆ ಗೈರಿಗಾಂವಿನವರು ಊರಿನ ಫೋನುಗಳನ್ನೆಲ್ಲ ಕೊಟ್ಟಿದ್ದರು. ಬೇರೆ ದಾರಿ ಇರಲಿಲ್ಲ ಎನ್ನಿ. ಆ ಊರಿನ ಯಾವ ಮನೆಯೊಳಗೂ ಸಿಗ್ನಲ್ ಬರುವುದಿಲ್ಲ. ಊರ ಮೇಲಿನ ದಿಣ್ಣೆಯ ತುದಿಯಲ್ಲಿ ಒಂದು ಉತ್ತಿಸ್ ಮರವಿತ್ತು, ಅದರ ಕೆಳಗೆ ಮಾತ್ರ ಬರುತ್ತಿತ್ತು. ಮಲೇಷ್ಯಾದಲ್ಲಿರುವ ಗಂಡ, ಕತಾರಿನಲ್ಲಿರುವ ಮಗ ಯಾವ ಹೊತ್ತಿಗೆ ಫೋನ್ ಮಾಡುತ್ತಾರೋ ಯಾರಿಗೆ ಗೊತ್ತು? ಅದಕ್ಕೇ ಎಣ್ಣೆಯ ಪ್ಲಾಸ್ಟಿಕ್ ಡಬ್ಬಿಗಳ ಕುತ್ತಿಗೆ ಕತ್ತರಿಸಿ, ಒಂದೊಂದರಲ್ಲಿ ಒಂದೊಂದು ಫೋನ್ ಇಟ್ಟು, ಬೆಳಿಗ್ಗೆ ಮರಕ್ಕೆ ತೂಗುಹಾಕಿ ಹೊಲಕ್ಕೆ ಹೋಗುತ್ತಿದ್ದರು. ಸಂಜೆ ಬಂದು ಒಯ್ಯುತ್ತಿದ್ದರು. ಒಟ್ಟು ಇಪ್ಪತ್ತೆರಡು ಡಬ್ಬಿ. ಮರದ ಬುಡದಲ್ಲಿ ಐತಮಾನ್. ಯಾವ ಡಬ್ಬಿ ಗುಂಯ್‌ಗುಟ್ಟಿದರೂ ಎತ್ತಿ ಮಾತಾಡುವುದು, ಆಮೇಲೆ ದಿಣ್ಣೆಯ ಅಂಚಿಗೆ ನಿಂತು ಸುದ್ದಿಯನ್ನು ಕೆಳಕ್ಕೆ ಕೂಗಿ ಹೇಳುವುದು.

"ಸೆತಿ ಆಮಾ, ನಿನ್ ಮಗ ಫೋನ್ ಮಾಡಿದ್ದ. ಮೂಲವ್ಯಾಧಿ ಕಮ್ಮಿ ಆಗಿದೆಯಂತೆ."

ನಲವತ್ತು ಮನೆಗಳಿಗೂ ಕೇಳಿಸುತ್ತಿತ್ತು. ಸೆತಿ ಆಮಾ ಜೋಳದ ಹೊಲದಿಂದಲೇ ಬೈಯುತ್ತಿದ್ದಳು. "ಮುಚ್ಚೋ ಬಾಯಿ, ಐತೆ. ನನ್ ಮಗನ ಕುಂಡೆ ಊರಿಗೆಲ್ಲಾ ಯಾಕೆ?"

"ನೀನೇ ತಾನೇ ಕೇಳು ಅಂದಿದ್ದು? ಕೇಳ್ದೆ, ಹೇಳ್ದೆ."

ಇನ್ನೊಂದು ವಿಷಯ. ಸಿಮ್ ಕಾರ್ಡ್ ಬೇಕಾದರೆ ಪೌರತ್ವ ಪತ್ರದ ನಕಲು ಕೊಡಬೇಕು. ಊರಿನ ಹೆಂಗಸರ ಪತ್ರಗಳು ಗಂಡಂದಿರ ಪೆಟ್ಟಿಗೆಯಲ್ಲಿ ಬೀಗದೊಳಗೆ ಇದ್ದವು, ಇಲ್ಲವೇ ಇನ್ನೂ ಮಾಡಿಸಿಯೇ ಇರಲಿಲ್ಲ. ಐತಮಾನನ ನಕಲುಗಳು ಮಾತ್ರ ಸದಾ ಅವನ ಜೇಬಿನಲ್ಲಿರುತ್ತಿದ್ದವು. ಬಜಾರಿಗೆ ಇಳಿದಾಗಲೆಲ್ಲ ಯಾರು ಕೇಳಿದರೂ ತನ್ನ ಹೆಸರಿನಲ್ಲೇ ಒಂದು ಸಿಮ್ ತಂದುಕೊಡುತ್ತಿದ್ದ. ಅವನದೂ ಸೇರಿ ಹತ್ತು ಫೋನುಗಳು ಹೀಗೆ ಐತಮಾನ್ ತಾಮಾಂಗನ ಹೆಸರಿನಲ್ಲಿದ್ದವು. ಅದರಲ್ಲೊಂದು ಸೆತಿ ಆಮಾಳ ಸೊಸೆ ಮನಮಾಯಾಳದು.

ಮನಮಾಯಾಳಿಗೆ ಮೂವತ್ತೆಂಟು ವಯಸ್ಸು. ಮದುವೆಗಾಗಿ ಎಂಟನೇ ತರಗತಿಗೆ ಶಾಲೆ ಬಿಟ್ಟವಳು ಈಗ ಹತ್ತನೆಯ ಪರೀಕ್ಷೆಗೆ ಕೂರಬೇಕೆಂದು ನನ್ನ ಬಳಿ ಬಂದಿದ್ದಳು. ಶನಿವಾರ ಮೇಲಿನ ಕಾಡಿಗೆ ಹುಲ್ಲಿಗೆ ಹೋಗುತ್ತೇನೆಂದು ಅತ್ತೆಗೆ ಹೇಳಿ, ಪಡುವಣ ದಿಕ್ಕಿಗೆ ತಿರುಗಿ, ತೊರೆ ದಾಟಿ ಒಂದೂವರೆ ಗಂಟೆ ನಡೆದು ಸಿಮ್ಲೆಗೆ ಬರುತ್ತಿದ್ದಳು. ನಾನು ಹಲಗೆಯ ಮೇಲೆ ಬಿಡಿಸಿದ ಲೆಕ್ಕಗಳ ಫೋಟೊ ತೆಗೆದುಕೊಳ್ಳಲು ಅವತ್ತೊಂದು ದಿನ ಫೋನನ್ನು ಮರಕ್ಕೆ ಕಟ್ಟದೆ ತರುತ್ತಿದ್ದಳು. ಮರಳುವಾಗ ಸಿಮ್ಲೆಯ ಅಂಚಿನಲ್ಲೇ ಒಂದು ಹೊರೆ ಹುಲ್ಲು ಕೊಯ್ದುಕೊಂಡು ಹೋಗುತ್ತಿದ್ದಳು.

"ಅತ್ತೆಗೆ ಹೇಳೋದಕ್ಕೇನು?" ಎಂದು ನಾನು ಒಮ್ಮೆ ಕೇಳಿದೆ.

"ನಮ್ಮೂರ ಫೂಲ್‌ಮಾಯಾ ರುಜು ಹಾಕೋದು ಕಲ್ತಾಗ ಅತ್ತೆ ಒಂದ್ ವರ್ಷ ಅವಳನ್ನ ಕಚೇರಿ ಅಧಿಕಾರಿನ ಕರೆಯೋ ಹಾಗೆ ಸುಬ್ಬಾ ಸಾಹೇಬರೇ ಅಂತ ಕರೆದ್ರು, ಮಿಸ್. ಪಾಸಾದ ಮೇಲೆ ಬೇಕಾದ್ರೆ ನಗಲಿ. ಈಗ ನಕ್ಕರೆ ನಾನು ಬಿಟ್ಟುಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತು."

ಶುಕ್ರವಾರ ಸಂಜೆ ನಾನು ಅವಳ ನಂಬರಿಗೆ ಫೋನ್ ಮಾಡಿ, "ನಾಳೆ ಇದೆ ಅಂತ ಮನಮಾಯಾಗೆ ಹೇಳಪ್ಪ" ಎನ್ನುತ್ತಿದ್ದೆ. ಎತ್ತುತ್ತಿದ್ದವನು ಐತಮಾನನೇ. ಏನಿದೆ ಎಂದು ಅವನು ಎಂದೂ ಕೇಳಲಿಲ್ಲ. ಈ ವಾರ ಊರಿಗೆಲ್ಲ ತಿಳಿಯುತ್ತದೆ ಎಂದು ಪ್ರತಿ ವಾರವೂ ಅಂದುಕೊಂಡೆ. ಎಂಟು ತಿಂಗಳಾದರೂ ತಿಳಿಯಲಿಲ್ಲ. ಅವನಿಗೆ ಅರ್ಥವಾಗಿಲ್ಲ ಎಂದು ತೀರ್ಮಾನಿಸಿದೆ.

ಮಳೆಗಾಲದ ಭಾದ್ರಪದ ತಿಂಗಳ ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ ದಿಣ್ಣೆ ಕುಸಿಯಿತು. ಮರ, ಡಬ್ಬಿ, ಫೋನು ಎಲ್ಲ ಕೆಸರಿನೊಂದಿಗೆ ಇನ್ನೂರು ಗಜ ಕೆಳಗಿಳಿದು ಹೂತುಹೋದವು. ಬಜಾರಿನ ಟವರ್ ಸತ್ತಿತು. ಪಡುವಣದ ಕಾಲುದಾರಿಯೂ ಮೂರು ಕಡೆ ಕಿತ್ತುಹೋಯಿತು. ನಾನು ತೊರೆಯ ಈಚೆ, ಸಿಮ್ಲೆಯ ದಡದಲ್ಲಿದ್ದೆ. ಇಂಥ ಮಳೆಯಲ್ಲಿ ಬುದ್ಧಿಯಿರುವ ಯಾರೂ ಹೊರಡುವುದಿಲ್ಲವೆಂದು ಪುಸ್ತಕ ಮುಚ್ಚಿಟ್ಟೆ. ನನ್ನ ಊಹೆ ತಪ್ಪಾಗಿತ್ತು. ಮುಂದಿನದನ್ನು ಐದು ಜನರ ಬಾಯಿಂದ ಕೇಳಿ, ಮೂವರಾದರೂ ಒಪ್ಪಿದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಐತಮಾನ್ ಮರದ ಕೆಳಗೆ ಇರಬೇಕಾಗಿತ್ತು. ಆದರೆ ಯಾರದೋ ಮದುವೆ ಮುರಿದ ಸುದ್ದಿ ಬಂದಿತ್ತಂತೆ. ಕೂಗಿ ಹೇಳಿದರೆ ಮಳೆಯಲ್ಲಿ ಅದರ ರುಚಿಯೆಲ್ಲ ಹೋಗುತ್ತದೆಂದು ಫೂಲ್‌ಮಾಯಾಳ ಒಲೆಯ ಮುಂದೆ ಕುಳಿತು ವಿವರವಾಗಿ ಹೇಳುತ್ತಿದ್ದ. ಕರ್ತವ್ಯನಿಷ್ಠನಾಗಿದ್ದರೆ ಅಂದೇ ಸತ್ತಿರುತ್ತಿದ್ದ.

ಪಕ್ಕದ ಕಣಿವೆಗೆ ಬಂದಿದ್ದ ರಕ್ಷಣಾ ತಂಡ ಮಧ್ಯಾಹ್ನ ಎರಡಕ್ಕೆ ಹೆಲಿಕಾಪ್ಟರಿನಲ್ಲಿ ಇಳಿಯಿತು. ಮುಖ್ಯಸ್ಥ ರೋಕಾ, ಮೂವತ್ತು ತುಂಬದವನು, ಇಸ್ತ್ರಿ ಮಾಡಿದ ಹಾಗೆ ಮಾತಾಡುವವನು. ಅವನ ಬಳಿ ಒಂದು ಡ್ರೋನ್ ಇತ್ತು. ಅದು ಮೇಲೆ ಹಾರಿದರೆ ಅದೇ ಒಂದು ಟವರಿನಂತೆ ಕರೆಯುತ್ತದಂತೆ. ಮಣ್ಣಿನಡಿ ಜೀವವಿರುವ ಫೋನುಗಳೆಲ್ಲ ಓಗೊಡುತ್ತವೆ, ಪರದೆಯ ಮೇಲೆ ಚುಕ್ಕಿಯಾಗಿ ಕಾಣುತ್ತವೆ. ಫೋನ್ ಇದ್ದಲ್ಲಿ ಮನುಷ್ಯನಿರುತ್ತಾನೆ ಎಂಬುದು ಯಂತ್ರ ಮಾಡಿದವರ ನಂಬಿಕೆ. ಅವರು ಗೈರಿಗಾಂವಿಗೆ ಬಂದವರಲ್ಲ.

ಪರದೆಯ ಮೇಲೆ, ಒಂದು ಅಡುಗೆಮನೆಯಷ್ಟು ಜಾಗದಲ್ಲಿ, ಇಪ್ಪತ್ತೊಂದು ಚುಕ್ಕಿ ಮೂಡಿದವು.

ರೋಕಾ ಟೋಪಿ ತೆಗೆದ. "ಇಲ್ಲಿ ಮದುವೆ ಏನಾದ್ರೂ ನಡೀತಿತ್ತಾ?"

"ಮದುವೆ ಮುರೀತು, ಸರ್," ಎಂದ ಐತಮಾನ್. "ಹುಡುಗಿ ಕಡೆಯವರು..."

"ಕಾಕಾ, ಪಕ್ಕಕ್ಕೆ ಬನ್ನಿ. ಎಲ್ಲಾ ಅಗೆಯೋಕೆ ಶುರುಮಾಡಿ. ಇಪ್ಪತ್ತೊಂದು ಜನ ಇದಾರೆ."

ಊರಿನವರೂ ಗಾಬರಿಯಿಂದ ಅಗೆಯತೊಡಗಿದರು. ಯಾರು ಕಾಣೆಯಾಗಿದ್ದಾರೆಂದು ಯಾರಿಗೂ ಹೊಳೆಯಲಿಲ್ಲ. ಸರಕಾರದವರೇ ಹೇಳಿದ ಮೇಲೆ ಯಾರೋ ಇರಲೇಬೇಕು. ಅಷ್ಟರಲ್ಲಿ ಉಪಗ್ರಹದ ಫೋನಿನಲ್ಲಿ ರಾಜಧಾನಿಯಿಂದ ಆ ನಂಬರುಗಳ ಹೆಸರುಗಳು ಬಂದವು. ರಕ್ಷಣಾ ತಂಡದ ಜವಾನನೊಬ್ಬ ಎದೆಯ ಮೇಲೆ ಕೈಯಿಟ್ಟುಕೊಂಡು ಓದಿದ.

"ಫೂಲ್‌ಮಾಯಾ ಲಾಮಾ."

"ಏನಪ್ಪಾ?" ಎಂದಳು ಫೂಲ್‌ಮಾಯಾ, ಅವನ ಬೆನ್ನ ಹಿಂದೆಯೇ ಗುದ್ದಲಿ ಹಿಡಿದು.

ಜವಾನ ಬೆಚ್ಚಿ ಎರಡು ಹೆಜ್ಜೆ ಸರಿದ. "ದಾವಾ ಘಿಸಿಂಗ್."

"ಇದೀನಿ."

"ಐತಮಾನ್ ತಾಮಾಂಗ್. ಐತಮಾನ್ ತಾಮಾಂಗ್. ಐತಮಾನ್..." ಜವಾನ ಕಾಗದವನ್ನು ಕಣ್ಣಿಗೆ ಹತ್ತಿರ ತಂದ. "ಸರ್, ಒಂಬತ್ತು ಜನ ಐತಮಾನ್ ತಾಮಾಂಗ್ ಇದಾರೆ ಒಳಗೆ."

"ಒಬ್ಬನನ್ನೇ ಸಹಿಸೋಕೆ ಆಗ್ತಿಲ್ಲ," ಎಂದಳು ಸೆತಿ ಆಮಾ. "ಅಗೀಬೇಡ್ರೋ."

ಆಗ ಮರದ ಸಂಗತಿಯನ್ನು ಎಲ್ಲರೂ ಒಟ್ಟಿಗೆ ಹೇಳಿದರು. ರೋಕಾ ಟೋಪಿ ಹಾಕಿಕೊಂಡ. ಒಂದು ಬ್ಯಾಟರಿ ದಂಡವಾಗಿತ್ತು, ಇನ್ನೊಂದು ಉಳಿದಿತ್ತು. ಕೆಳಗಿನಿಂದ ಮಂಜು ಏರುತ್ತಿತ್ತು. ಅದು ಮುಟ್ಟಿದರೆ ಹೆಲಿಕಾಪ್ಟರ್ ಏಳುವುದಿಲ್ಲ. "ಎಲ್ರೂ ಇದೀರಲ್ಲ? ಹಾಗಾದ್ರೆ ಹೊರಡ್ತೀವಿ. ಮುಂದಿನ ಊರಿದೆ."

"ನನ್ ಸೊಸೆ ಒಬ್ಬಳಿಲ್ಲ," ಎಂದಳು ಸೆತಿ ಆಮಾ ನಿರಾತಂಕವಾಗಿ. "ಮೇಲಿನ ಕಾಡಿಗೆ ಹುಲ್ಲಿಗೆ ಹೋಗಿದಾಳೆ. ಆ ಕಡೆ ಏನೂ ಕುಸಿದಿಲ್ಲ. ಬರ್ತಾಳೆ."

ಐತಮಾನ್ ಬೆರಳು ಮಡಿಸುತ್ತ ನಿಂತಿದ್ದ. ಇಪ್ಪತ್ತೊಂದು ಚುಕ್ಕಿ. ಮರದಲ್ಲಿ ಇಪ್ಪತ್ತೆರಡು ಇರಬೇಕು. ಇವತ್ತು ಶನಿವಾರ. ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತು ಎಂಬುದನ್ನು ಐವರೂ ಒಪ್ಪುತ್ತಾರೆ.

"ಸರ್, ಆ ಯಂತ್ರನ ಪಡುವಣಕ್ಕೆ ಕಳಿಸಿ. ತೊರೆ ಹತ್ರ."

"ಯಾಕೆ?"

"ಮನಮಾಯಾ ಆ ಕಡೆ ಹೋಗಿದಾಳೆ."

"ಅವಳು ಯಾಕೆ ಅಲ್ಲಿಗೆ ಹೋಗ್ತಾಳೆ?" ಎಂದಳು ಸೆತಿ ಆಮಾ. "ಅಲ್ಲಿರೋದು ಬಂಡೆ. ಬಂಡೆ ಕೊಯ್ಯೋಕಾ?"

ಐತಮಾನ್ ಬಾಯಿ ತೆರೆದ. ಮುಚ್ಚಿದ. ಅವನ ಬಾಯಿ ಮಾತಿಲ್ಲದೆ ಮುಚ್ಚಿಕೊಂಡದ್ದನ್ನು ಗೈರಿಗಾಂವಿನವರು ಅದೇ ಮೊದಲು ನೋಡಿದ್ದು. ಆಮೇಲೆ ಹೇಳಿದ: "ನಾನೇ ಕಳಿಸ್ದೆ. ನನ್ ಆಡು ತಪ್ಪಿಸ್ಕೊಂಡಿತ್ತು. ಹುಡುಕ್ಕೊಂಡು ಬಾ ತಂಗಿ ಅಂದೆ."

"ನಿನ್ನ ಹತ್ರ ಎಲ್ಲೋ ಆಡು? ಒಂದು ಕೋಳಿ ಇಲ್ಲ ನಿನ್ ಮನೇಲಿ."

"ನಿನ್ನೆ ತಗೊಂಡೆ."

"ಯಾರ ಹತ್ರ?"

"ಸಿಮ್ಲೆಯವನ ಹತ್ರ. ಕಪ್ಪು ಆಡು. ಒಂದು ಕೊಂಬು ಮುರಿದಿದೆ."

"ನಿನ್ನೆ ಆಡು ತಗೊಂಡು ಇವತ್ತಿನವರೆಗೂ ಊರಿಗೆ ಹೇಳಿಲ್ಲ? ನೀನು?"

ಊರೆಲ್ಲ ನಕ್ಕಿತು. ರೋಕಾ ನಗಲಿಲ್ಲ. "ಕಾಕಾ, ಇರೋದು ಒಂದು ಬ್ಯಾಟರಿ. ಆಡಿಗೋಸ್ಕರ ಹಾರಿಸೋಕೆ ಆಗಲ್ಲ."

"ಒಂಬತ್ತು ಐತಮಾನ್ ಹೆಸರು ನೀವೇ ಓದಿಸಿದ್ರಲ್ಲ, ಸರ್. ಹತ್ತು ಇರ್ಬೇಕು. ಅವಳ ಫೋನೂ ನನ್ ಹೆಸರಲ್ಲೇ ಇದೆ." ಐತಮಾನ್ ಹೋಗಿ ಹೆಲಿಕಾಪ್ಟರಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ. "ಹತ್ತನೆಯವನು ಸಿಗೋವರೆಗೂ ನಾನು ಏಳಲ್ಲ. ಇನ್ನು ಅಲ್ಲಿವರೆಗೂ ಮಾತಾಡ್ತಾನೇ ಇರ್ತೀನಿ. ನಾನು ಹೇಗೆ ಮಾತಾಡ್ತೀನಿ ಅಂತ ಇವರನ್ನ ಕೇಳಿ."

"ಹಾರಿಸ್ಬಿಡಿ ಸರ್," ಎಂದ ದಾವಾ ಘಿಸಿಂಗ್. "ಅದೇ ಬೇಗ ಆಗೋದು."

ಡ್ರೋನ್ ಪಡುವಣಕ್ಕೆ ಹಾರಿತು. ಬಹಳ ಹೊತ್ತು ಪರದೆ ಖಾಲಿಯಿತ್ತು. ನಗು ನಿಂತಿತು. ತೊರೆಗೆ ಮುಂಚಿನ ತಿರುವಿನಲ್ಲಿ, ಮಂಜಿನಡಿಯಲ್ಲಿ, ಒಂದು ಚುಕ್ಕಿ ಮೂಡಿತು. ಜವಾನ ಉಪಗ್ರಹದ ಫೋನಿನಲ್ಲಿ ಹೆಸರು ಕೇಳಿ ಹೇಳಿದ, "ಐತಮಾನ್ ತಾಮಾಂಗ್." ಸೆತಿ ಆಮಾ ಕುಳಿತಲ್ಲಿಂದ ಎದ್ದಳು. ಕೋಲು ಹಿಡಿದು ಪಡುವಣಕ್ಕೆ ಹೊರಟಳು.

ಮನಮಾಯಾ ಮಳೆಗೆ ಒಂದು ಹಳೆಯ ದನದ ಕೊಟ್ಟಿಗೆಯಲ್ಲಿ ನಿಂತಿದ್ದಳು. ಕೊಟ್ಟಿಗೆ ಅವಳ ಮೇಲೆ ಕುಸಿದಿತ್ತು. ತೊಲೆಯೊಂದು ಕಲ್ಲಿನ ಚಪ್ಪಡಿಗಳನ್ನು ತಡೆದು ಹಿಡಿದಿದ್ದರಿಂದ ಉಸಿರು ಉಳಿದಿತ್ತು. ಸೊಂಟದವರೆಗೆ ಕೆಸರು, ಒಂದು ಕಾಲು ಮುರಿದಿತ್ತು. ಕಿತ್ತುಹೋದ ಕಡೆಗಳಲ್ಲಿ ಹಗ್ಗ ಕಟ್ಟಿ ದಾಟಿಬಂದ ತಂಡದವರು ಮುಕ್ಕಾಲು ಗಂಟೆ ಅಗೆದು ಒಂದು ಕಂಡಿ ಮಾಡಿದರು. ಅದರಲ್ಲಿ ತೂರುವಷ್ಟು ಸಣಕಲನೆಂದರೆ ಐತಮಾನ್ ಒಬ್ಬನೇ. ಒಳಗೆ ನಡೆದದ್ದನ್ನು ಮನಮಾಯಾಳೇ ಹೇಳಿದಳು.

"ಅಣ್ಣಾ, ಪುಸ್ತಕ," ಎಂದಳಂತೆ ಮೊದಲ ಮಾತಿಗೇ. ಚೀಲ ಕೆಸರಿನಲ್ಲಿತ್ತು.

"ನೀನು ಆಡು ಹುಡುಕೋಕೆ ಬಂದಿದ್ದೆ. ಕಪ್ಪು ಆಡು, ಒಂದು ಕೊಂಬಿಲ್ಲ. ನೆನಪಿಟ್ಕೋ."

"ಯಾವ ಆಡು?"

"ನನ್ ಆಡು. ಈಗ ಅರಚ್ಕೋ, ಕಾಲು ಎಳೀತೀನಿ."

ಕಂಡಿಯಿಂದ ಅವಳನ್ನು ಎಳೆದುಕೊಂಡು ಅವನು ಹೊರಬಂದಾಗ ಅವನ ಹೊಟ್ಟೆ ಚೌಕಾಕಾರವಾಗಿತ್ತು. ಸೆತಿ ಆಮಾ ಅಷ್ಟು ಹೊತ್ತಿಗೆ ಜಾರುತ್ತ ಬೀಳುತ್ತ ಅಲ್ಲಿಗೆ ಬಂದು ಮುಟ್ಟಿದ್ದಳು. ಸೊಸೆಯ ಮುಖ ಒರೆಸಿದಳು, ಶಾಲು ಹೊದಿಸಿದಳು. ಆಮೇಲೆ ಕೋಲೆತ್ತಿ ಐತಮಾನನ ಬೆನ್ನಿಗೆ ಎರಡು ಬಿಟ್ಟಳು.

"ಒಂದು ಆಡಿಗೆ ನನ್ ಸೊಸೆನ ಸಾಯಿಸ್ತಿದ್ದೆಯಲ್ಲೋ. ಅಂಗಿ ಒಳಗೆ ಏನದು?"

"ನಂದು."

"ನಿಂದು ಅಂದ್ರೆ ಏನು?"

"ನಂದು ಅಂದ್ರೆ ನಂದು."

ಅದಾದ ಮೇಲೆ ಊರಿನವರು ಅವನನ್ನು ಕ್ಷಮಿಸಲಿಲ್ಲ. ಕೆಸರಿನಿಂದ ತೆಗೆದ ಫೋನುಗಳಲ್ಲಿ ಹದಿನಾಲ್ಕು ಬದುಕಿದ್ದವು. ದಿಣ್ಣೆಯ ಮೇಲೆ ಹೊಸ ಬಿದಿರಿನ ಕಂಬ ನೆಟ್ಟರು, ಡಬ್ಬಿಗಳನ್ನು ತೂಗುಹಾಕಿದರು, ಅದರ ಬುಡದಲ್ಲಿ ದಾವಾ ಘಿಸಿಂಗನನ್ನು ಕೂರಿಸಿದರು. ದಾವಾ ಫೋನ್ ಎತ್ತಿ, "ಆಯ್ತು, ಹೇಳ್ತೀನಿ" ಎಂದು ಇಟ್ಟುಬಿಡುವವನು. ಐತಮಾನ್ ಅಂಗಳದಲ್ಲಿ ಕಾಣಿಸಿದರೆ ಹೆಂಗಸರು ಆಡಿನಂತೆ ಕೂಗುತ್ತಿದ್ದರು. ಊರಿನ ಮಾತೆಲ್ಲ ಯಾವನ ಕಿವಿಯ ಮೂಲಕ ಹೋಗುತ್ತಿತ್ತೋ ಅವನಿಗೆ ಈಗ ಯಾರೂ ಏನೂ ಹೇಳುತ್ತಿರಲಿಲ್ಲ. ಅವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು.

ಹನ್ನೊಂದನೆಯ ದಿನ ಕಾಲುದಾರಿ ನಡೆಯುವಂತಾಯಿತು. ಬೆಳಿಗ್ಗೆ ನಾನು ಬಾಗಿಲು ತೆರೆದಾಗ ಐತಮಾನ್ ಮೆಟ್ಟಿಲ ಮೇಲೆ ಕುಳಿತಿದ್ದ. ಎದ್ದು, ಅಂಗಿಯೊಳಗಿನಿಂದ ಹತ್ತನೇ ತರಗತಿಯ ಗಣಿತ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಿದ್ದ. ಹೊಗೆಯ ವಾಸನೆ ಬರುತ್ತಿತ್ತು. ಅಂಟಿಕೊಳ್ಳಬಾರದೆಂದು ಒಂದೊಂದು ಹಾಳೆಯ ನಡುವೆಯೂ ಜೋಳದ ತೆನೆಯ ಸಿಪ್ಪೆ ಇಟ್ಟಿದ್ದ. ಇನ್ನೂರ ಮೂವತ್ತು ಪುಟದ ಪುಸ್ತಕ. ಮೊದಲ ಪುಟದಲ್ಲಿ ಮನಮಾಯಾಳ ಹೆಸರು ನನ್ನದೇ ಕೈಬರಹದಲ್ಲಿತ್ತು.

"ಎಲ್ಲಿತ್ತು ಇದು?" ಎಂದೆ.

"ದಾರೀಲಿ ಬಿದ್ದಿತ್ತು, ಮಿಸ್."

"ಯಾರದು?"

ಪ್ರತಿ ಶುಕ್ರವಾರ ನನ್ನ ಧ್ವನಿ ಕೇಳಿದ್ದವನು ನನ್ನ ಕಣ್ಣನ್ನೇ ನೋಡಿದ.

"ಗೊತ್ತಿಲ್ಲ," ಎಂದ. "ಯಾವುದೋ ಮಗುವಿಂದು ಇರ್ಬೇಕು. ಕೇಳ್ಕೊಂಡು ಬಂದ್ರೆ ಕೊಟ್ಬಿಡಿ."

ಟೀ ಕುಡಿದು, ಲೋಟ ತೊಳೆದು ಬೋರಲು ಹಾಕಿ, ಗೈರಿಗಾಂವಿನ ಒಂದು ಸುದ್ದಿಯನ್ನೂ ಹೇಳದೆ ಹೊರಟುಹೋದ.