ಕುವೈತಿಗೆ ಹೋದ ಕ್ಯಾಸೆಟ್

ಅಸೂಯೆ ದೊಡ್ಡ ದೊಡ್ಡ ಸಾಮ್ರಾಜ್ಯಗಳನ್ನೇ ಉರುಳಿಸಿದೆ. ನನ್ನ ಅಸೂಯೆ ಮಾತ್ರ ಒಂದು ಕ್ಯಾಸೆಟ್ಟಿನಿಂದ ಆಚೆ ಹೋಗಲಿಲ್ಲ.

ಎಂಬತ್ತರ ದಶಕದ ಮಾತು. ಶಿರ್ವದ ನನ್ನ ಸಹಪಾಠಿ ವಿಲ್ಲಿಗೆ ಕುವೈತಿನಲ್ಲಿದ್ದ ಅಣ್ಣ ಇಂಗ್ಲೆಂಡಿನ ಹೆವಿ ಮೆಟಲ್ ತಂಡವೊಂದರ ಆಯ್ದ ಹಾಡುಗಳ ಕ್ಯಾಸೆಟ್ ಕಳುಹಿಸಿದ್ದ. ಎರಡು ದಿನದ ಮಟ್ಟಿಗೆ ಕೊಡು ಎಂದು ಕೇಳಿದರೆ, "ನಿನ್ನ ಟೇಪ್ ರೆಕಾರ್ಡರ್ ಭಜನೆಗೆ ಸಾಕು ಮಾರಾಯ, ಇದನ್ನು ತಡೆಯಲಿಕ್ಕಿಲ್ಲ" ಎಂದ.

ಒಂದು ಮಧ್ಯಾಹ್ನ ಹೋದಾಗ ವಿಲ್ಲಿ ಮನೆಯಲ್ಲಿರಲಿಲ್ಲ. ಅವನ ತಾಯಿ, ನಾವೆಲ್ಲ ಗೌರವದಿಂದ 'ಬಾಯಿ' ಎಂದೇ ಕರೆಯುತ್ತಿದ್ದ ಸಿಸಿಲಿಯಾ ಬಾಯಿ, ಅದೇ ಕ್ಯಾಸೆಟ್ ಹಿಡಿದು ನಿಂತಿದ್ದರು. ಸಂಜೆ ಕುವೈತಿಗೆ ಹೊರಡುವ ನೆರೆಮನೆಯವರ ಕೈಯಲ್ಲಿ ಹಿರಿಮಗನಿಗೆ ತಮ್ಮ ದನಿಯಲ್ಲೇ ಪತ್ರ ಕಳುಹಿಸಬೇಕಿತ್ತು. ಮನೆಯಲ್ಲಿ ಖಾಲಿ ಕ್ಯಾಸೆಟ್ ಇರಲಿಲ್ಲ.

"ಇದರಲ್ಲಿ ಎಂತ ಉಂಟು ಮಗಾ? ಬೇಕಾದದ್ದಾ?"

"ಬರೀ ಬೊಬ್ಬೆ, ಬಾಯಿ."

ಸುಳ್ಳೇನೂ ಹೇಳಲಿಲ್ಲ. ಹಾಡು ಅಳಿಸಿಹೋಗದಿರಲೆಂದು ಕಂಪನಿಯವರು ಕ್ಯಾಸೆಟ್ಟಿನ ಅಂಚಿನಲ್ಲಿ ತೂತು ಬಿಟ್ಟಿರುತ್ತಾರೆ, ಅದು ಮುಚ್ಚಿದರೆ ಮಾತ್ರ ಮೇಲೆ ಬೇರೆ ರೆಕಾರ್ಡ್ ಆಗುವುದು; ಆ ತೂತಿಗೆ ಭಕ್ತಿಯಿಂದ ಕಾಗದ ತುರುಕಿ, ರೆಕಾರ್ಡಿನ ಕೆಂಪು ಗುಂಡಿಯನ್ನು ನಾನೇ ಒತ್ತಿದೆ. ಬಾಯಿ ಕೊಂಕಣಿಯಲ್ಲಿ ದನ ಕರು ಹಾಕಿದ್ದರಿಂದ ಹಿಡಿದು ತಮ್ಮ ಮೊಣಕಾಲು ನೋವಿನವರೆಗೆ ಎಲ್ಲ ಹೇಳಿ, ಕೊನೆಗೆ ಅತ್ತರು. ವಿಲ್ಲಿ ಆಮೇಲೆ ಅತ್ತ.

ತಾಯಿಯ ಅಳು ಮುಗಿದಲ್ಲೇ ಹೆವಿ ಮೆಟಲ್ ಭೋರ್ಗರೆದದ್ದನ್ನು ಕೇಳಿದ ಅಣ್ಣ, ತಮ್ಮನೇ ತ್ಯಾಗ ಮಾಡಿದನೆಂದು ಕರಗಿಹೋದನಂತೆ. ಮುಂದಿನ ತಿಂಗಳು ವಿಲ್ಲಿಗೆ ಅದೇ ತಂಡದ ಮೂರು ಕ್ಯಾಸೆಟ್ಟುಗಳೂ ಒಂದು ಹೊಸ ಸ್ಟೀರಿಯೊ ಕೂಡ ಬಂದವು. ನನಗೆ ಬಾಯಿ ಒಂದು ಪೊಟ್ಟಣ ಖರ್ಜೂರ ಕೊಟ್ಟರು.